ಥಾರ್ ಮರುಭೂಮಿಯಲ್ಲಿ ಜೋಡಿ ಸೈಕಲ್ ಪಯಣ

ಮರಳುಗಾಡಿನಲ್ಲಿ ಸೈಕಲ್ ತುಳಿಯುವ ಆಸೆಯಿರುವ ದಂಪತಿಗೆ ಮೊದಲ ಪಯಣಕ್ಕೆ ನಾನು ಹೇಳುವ ದಾರಿ ಜೋಧ್‌ಪುರದಿಂದ ಜೈಸಲ್ಮೇರ್‌ಗೆ ಹೋಗುವುದು. ಓಸಿಯಾಂ, ಫಲೋದಿ, ರಾಮದೇವ್ರಾ, ಪೋಖರಣ್ ಮೂಲಕ ಹೋದರೆ ಸುಮಾರು 310 ಕಿ.ಮೀ. ಡಾಂಬರು ರಸ್ತೆಯಿದೆ, ಏರು ಕಡಿಮೆ.

ಕಾಲ: ನವೆಂಬರ್‌ನಿಂದ ಫೆಬ್ರವರಿ ಒಳಗೆ ಮುಗಿಸಿ. ಇದೇ ದಾರಿಯ ಫಲೋದಿಯಲ್ಲಿ 2016ರ ಮೇ ತಿಂಗಳಲ್ಲಿ 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಚಳಿಗಾಲದಲ್ಲೂ ಮಧ್ಯಾಹ್ನದ ಬಿಸಿಲು ಸುಡುತ್ತದೆ, ರಾತ್ರಿ ಮಾತ್ರ ಸ್ವೆಟರ್ ಬೇಕಾಗುತ್ತದೆ.

ಸೈಕಲ್ ಸಾಗಿಸುವುದು: ಬೆಂಗಳೂರಿನಿಂದ ಹುಬ್ಬಳ್ಳಿ ಮಾರ್ಗವಾಗಿ ಜೋಧ್‌ಪುರಕ್ಕೆ ನೇರ ರೈಲಿದೆ. ಸೈಕಲ್‌ಗಳನ್ನು ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಬೇಕು. ಪೆಡಲ್ ಬಿಚ್ಚಿ, ಗೇರಿನ ಭಾಗಕ್ಕೆ ರಟ್ಟು ಸುತ್ತಿ, ಎರಡಕ್ಕೂ ಹೆಸರು, ಫೋನ್ ನಂಬರಿನ ಚೀಟಿ ಕಟ್ಟಿ.

ಹೊರೆ ಹಂಚಿಕೆ: ಹೆಚ್ಚಿನವರು ತಪ್ಪುವುದು ಇಲ್ಲೇ. ಹೊರೆಯನ್ನು ಅರ್ಧರ್ಧ ಹಂಚಬೇಡಿ. ಹೆಚ್ಚು ಬಲವಿರುವವರ ಸೈಕಲ್‌ಗೆ ಹೆಚ್ಚು ಭಾರ ಹಾಕಿದರೆ ಇಬ್ಬರ ವೇಗವೂ ಸಮವಾಗುತ್ತದೆ. ನೀರು, ಹಣ, ಫೋನ್ ಮಾತ್ರ ಇಬ್ಬರ ಬಳಿಯೂ ಬೇರೆ ಬೇರೆಯಾಗಿ ಇರಲಿ. ದಿನದ ದೂರವನ್ನು ನಿಧಾನವಾಗಿ ತುಳಿಯುವವರೇ ತೀರ್ಮಾನಿಸಲಿ. ಈ ಮಾತನ್ನು ಮನೆಯಲ್ಲೇ ಒಪ್ಪಿಕೊಂಡು ಹೊರಡಿ.

ಮುಳ್ಳು, ಮರಳು: ನೆಗ್ಗಿಲು ಮುಳ್ಳು, ಬಳ್ಳಾರಿ ಜಾಲಿ ಎರಡೂ ಅಲ್ಲಿವೆ. ರಸ್ತೆ ಬಿಟ್ಟು ಇಳಿಯುವಾಗ ಸೈಕಲ್ ತಳ್ಳಬೇಡಿ, ಎತ್ತಿಕೊಂಡು ಹೋಗಿ. ಟ್ಯೂಬಿಗೆ ಪಂಕ್ಚರ್ ತಡೆಯುವ ದ್ರವ ಹಾಕಿಸಿ, ತಲಾ ಎರಡು ಹೆಚ್ಚುವರಿ ಟ್ಯೂಬ್ ಇಟ್ಟುಕೊಳ್ಳಿ. ಚೈನಿಗೆ ಹೆಚ್ಚು ಎಣ್ಣೆ ಬಿಟ್ಟರೆ ಮರಳು ಅಂಟಿಕೊಂಡು ಹಲ್ಲು ಸವೆಯುತ್ತದೆ. ರಾತ್ರಿ ಬಟ್ಟೆಯಿಂದ ಒರೆಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಟ್ಟರೆ ಸಾಕು.

ದಿನದ ಲೆಕ್ಕ: ಮೊದಲ ದಿನ ಓಸಿಯಾಂ, ಸುಮಾರು 65 ಕಿ.ಮೀ. ಎರಡನೇ ದಿನ ಫಲೋದಿ, ಸುಮಾರು 75 ಕಿ.ಮೀ. ಮಾರನೆಯ ಬೆಳಿಗ್ಗೆ ಅವಸರ ಮಾಡದೆ ಪಕ್ಕದ ಖೀಚನ್‌ಗೆ ಹೋಗಿ ಬನ್ನಿ. ಚಳಿಗಾಲಕ್ಕೆ ವಲಸೆ ಬರುವ ಕುರ್ಜಾ ಕೊಕ್ಕರೆಗಳು ಸಾವಿರಾರು ಸಂಖ್ಯೆಯಲ್ಲಿ ಇಳಿಯುತ್ತವೆ. ಊರವರು ತಲೆಮಾರುಗಳಿಂದ ಅವಕ್ಕೆ ಕಾಳು ಹಾಕುತ್ತ ಬಂದಿದ್ದಾರೆ. ಇಬ್ಬರೂ ಒಟ್ಟಿಗೆ ನಿಂತು ನೋಡಲೇಬೇಕಾದದ್ದು ಅದು. ಅಲ್ಲಿಂದ ರಾಮದೇವ್ರಾ ದಾಟಿ ಪೋಖರಣ್. ಕೊನೆಯ 110 ಕಿ.ಮೀ. ಕಷ್ಟದ್ದು. ನಡುವೆ ಲಾಠಿ, ಚಾಂದನ್‌ನಂಥ ಕೆಲವೇ ಊರುಗಳಿವೆ. ಒಂದೇ ದಿನಕ್ಕೆ ಆಗದೆಂದರೆ ಪೋಖರಣ್‌ನಲ್ಲೇ ವಿಚಾರಿಸಿ ತಂಗುವ ಜಾಗ ಗೊತ್ತು ಮಾಡಿಕೊಳ್ಳಿ.

ಬೆಳಕು ಹರಿದ ಕೂಡಲೇ ಹೊರಟು ಹನ್ನೊಂದರ ಹೊತ್ತಿಗೆ ನೆರಳು ಸೇರಿ, ಮೂರರ ನಂತರ ಮತ್ತೆ ತುಳಿಯಿರಿ. ಕತ್ತಲಾದ ಮೇಲೆ ಬೇಡ. ಲಾರಿಗಳಿಗಿಂತ ರಸ್ತೆಗೆ ಬರುವ ಒಂಟೆ, ದನಗಳೇ ದೊಡ್ಡ ಅಪಾಯ.

ನೀರು: ಪ್ರತಿ ಊರಿನಿಂದ ಹೊರಡುವಾಗ ತಲಾ ನಾಲ್ಕು ಲೀಟರ್ ಇರಲಿ. ಬರೀ ನೀರು ಸಾಲದು, ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಓಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ. ಢಾಬಾಗಳಲ್ಲಿ ಸಿಗುವ ಛಾಛ್, ಅಂದರೆ ಮಜ್ಜಿಗೆ, ಬಿಡಬೇಡಿ.

ಒಬ್ಬರ ಮೇಲೊಬ್ಬರ ಕಣ್ಣು: ಬಿಸಿಲು ತಲೆಗೇರುತ್ತಿದ್ದರೆ ಅದು ತುಳಿಯುವವರಿಗೆ ತಿಳಿಯುವುದಿಲ್ಲ, ಜೊತೆಗಾರರಿಗೆ ಕಾಣಿಸುತ್ತದೆ. ಜೋಡಿಯಾಗಿ ಹೋಗುವುದರ ನಿಜವಾದ ಲಾಭ ಇದೇ. ಅರ್ಧ ಗಂಟೆಗೊಮ್ಮೆ ಮಾತಾಡಿಸಿ. ಕಾರಣವಿಲ್ಲದ ಸಿಡುಕು, ತಲೆನೋವು, ವಾಕರಿಕೆ ಕಂಡರೆ ನಿಲ್ಲಿಸಿ, ವಾದಕ್ಕೆ ಇಳಿಯಬೇಡಿ. ಮಾತು ತೊದಲಿದರೆ, ದಿಕ್ಕು ತೋಚದಂತಾದರೆ ಅದು ಪ್ರಾಣಾಪಾಯ. ನೆರಳಿಗೆ ಕರೆದೊಯ್ದು, ಬಟ್ಟೆ ಸಡಿಲಿಸಿ, ಮೈಗೆ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಜೈಸಲ್ಮೇರ್‌ನಿಂದ ಸಮ್ ಮರಳುದಿಬ್ಬಗಳಿಗೆ ಇನ್ನೂ 40 ಕಿ.ಮೀ. ಕೋಟೆಯ ಊರಲ್ಲಿ ಒಂದು ದಿನ ಪೂರ್ತಿ ವಿಶ್ರಾಂತಿ ಪಡೆದೇ ಅತ್ತ ಹೊರಡಿ.