ಕುಮಟಗಿಯ ಬೇಸಿಗೆ ಅರಮನೆ

 

ವಿಜಯಪುರ ಎಂದ ಕೂಡಲೇ ಎಲ್ಲರೂ ಗೋಳಗುಮ್ಮಟ ಅನ್ನುತ್ತಾರೆ. ಆದರೆ ಸಿಂದಗಿಯಿಂದ ವಿಜಯಪುರಕ್ಕೆ ಹೋಗುವ ದಾರಿಯಲ್ಲಿ, ವಿಜಯಪುರ ಇನ್ನೂ ಸುಮಾರು 20 ಕಿ.ಮೀ. ಇರುವಾಗಲೇ ಕುಮಟಗಿ ಎಂಬ ಊರು ಬರುತ್ತದೆ. ಸಂತೆಗೆ, ದವಾಖಾನೆಗೆ ಎಂದು ನಾವು ಎಷ್ಟೋ ಸಲ ಆ ಊರನ್ನು ದಾಟಿ ಹೋಗಿರುತ್ತೇವೆ, ಇಳಿದಿರುವುದಿಲ್ಲ. ಈ ವರ್ಷ ನಮ್ಮ ಏಳನೇ ತರಗತಿಯವರು ಸರ್ ಜೊತೆಗೆ ಅಲ್ಲಿ ಇಳಿದೆವು.

ಅದು ಆದಿಲಶಾಹಿ ಸುಲ್ತಾನರ ಬೇಸಿಗೆ ಅರಮನೆ. ಅವರು 1490ರಿಂದ 1686ರವರೆಗೆ ವಿಜಯಪುರದಿಂದ ಆಳಿದರು. ಅರಮನೆ ಎಂದರೆ ಸಿನಿಮಾದಲ್ಲಿ ತೋರಿಸುವ ಹಾಗೆ ದೊಡ್ಡ ಕಟ್ಟಡ ಎಂದು ತಿಳಿಯಬೇಡಿರಿ. ಒಂದು ಚೌಕಾಕಾರದ ಹೊಂಡ, ಅದರ ನಡುವೆ ಎರಡು ಅಂತಸ್ತಿನ ಮಂಟಪ, ಅಲ್ಲಿಗೆ ಹೋಗಲು ಕಲ್ಲಿನ ಕಾಲುದಾರಿ. ಸುತ್ತಮುತ್ತ ಬೇರೆ ಮಂಟಪಗಳು ಮತ್ತು ನೀರಿನ ಗೋಪುರಗಳು. ಅಷ್ಟೇ. ಆದರೆ ಮೂರು ಸೀಮೆಯ ರೀತಿ ಅಲ್ಲಿ ಒಂದೇ ಕಡೆ ಕೂಡಿದೆ. ನೀರಿನ ನಡುವೆ ಮಂಟಪ ಕಟ್ಟಿ ತಂಪಾಗಿ ಕೂಡ್ರುವ ತೋಟ ಪರ್ಶಿಯಾ ದೇಶದ ರೀತಿ. ಕಲ್ಲು ಮತ್ತು ಗಚ್ಚು ನಮ್ಮ ಸೀಮೆಯದು. ಗೋಡೆಯ ಚಿತ್ರದಲ್ಲಿ ಯುರೋಪಿನ ಮಂದಿ ಇದ್ದಾರೆ!

ಮೊದಲು ನೀರಿನ ವಿಷಯ. ನಾವು ಹೋದಾಗ ಹೊಂಡದಲ್ಲಿ ನೀರು ಇರಲಿಲ್ಲ, ಒಣಗಿದ ಹುಲ್ಲು ಇತ್ತು. ಮಂಟಪದ ಒಳಗೆ ಹೋಗಿ ತಲೆ ಎತ್ತಿ ನೋಡಿದರೆ ಚಾವಣಿಯಲ್ಲಿ ಸಣ್ಣ ಸಣ್ಣ ತೂತುಗಳು. ಅವುಗಳಿಂದ ನೀರು ಮಳೆಯಂತೆ ಕೆಳಗೆ ಬೀಳುತ್ತಿತ್ತಂತೆ. ನಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನ ನಾಯಿಯೂ ಹೊರಗೆ ಬರುವುದಿಲ್ಲ. ಅಂಥ ಬಿಸಿಲಲ್ಲಿ ಮನೆಯೊಳಗೆ ಮಳೆ! ನನ್ನ ಗೆಳತಿ ಕೇಳಿದಳು, "ಅಷ್ಟು ಎತ್ತರಕ್ಕ ನೀರು ಹ್ಯಾಂಗ ಏರ್ತಿತ್ರಿ ಸರ್? ಆಗ ಕರೆಂಟ ಇದ್ದಿಲ್ಲಲ್ಲ?"

ಸರ್ ಉತ್ತರ ಹೇಳಲಿಲ್ಲ, ಗೋಪುರ ತೋರಿಸಿದರು. ಊರ ದೊಡ್ಡ ಕೆರೆಯ ನೀರನ್ನು ಗೋಪುರದ ಮೇಲಕ್ಕೆ ಏರಿಸುತ್ತಿದ್ದರು. ಅಲ್ಲಿಂದ ಕೊಳವೆಗಳಲ್ಲಿ ಇಳಿದು ಬಂದ ನೀರು ಮಂಟಪದಲ್ಲಿ ಮತ್ತೆ ಮೇಲಕ್ಕೆ ಏರುತ್ತಿತ್ತು. ನೀರು ಎಷ್ಟು ಎತ್ತರದಿಂದ ಬರುತ್ತದೋ ಹತ್ತಿರ ಹತ್ತಿರ ಅಷ್ಟೇ ಎತ್ತರಕ್ಕೆ ಏರುತ್ತದೆ. ಇದನ್ನು ನಾವು ಶಾಲೆಯಲ್ಲಿ ಮಾಡಿ ನೋಡಿದೆವು. ಖಾಲಿ ಸಲಾಯಿನ್ ಬಾಟಲಿ ತೊಳೆದು, ತಳ ಕತ್ತರಿಸಿ, ಅದರ ನಳಿಗೆ ಸೇರಿಸಿ ಬೇವಿನ ಗಿಡಕ್ಕೆ ಕಟ್ಟಿದೆವು. ನೀರು ಹಾಕಿ ನಳಿಗೆಯ ತುದಿಯನ್ನು ಮೇಲ್ಮುಖ ಮಾಡಿ ಹಿಡಿದರೆ ಕಾರಂಜಿ ಚಿಮ್ಮಿತು. ಬಾಟಲಿಯನ್ನು ಮೇಲಿನ ಟೊಂಗೆಗೆ ಕಟ್ಟಿದಾಗ ಕಾರಂಜಿಯೂ ಮೇಲೆ ಹೋಯಿತು. ಬಾಟಲಿಯ ಮಟ್ಟವನ್ನು ಮಾತ್ರ ಮುಟ್ಟಲೇ ಇಲ್ಲ. ನಳಿಗೆಯ ಒಳಗಿನ ತಿಕ್ಕಾಟದಲ್ಲಿ ಮತ್ತು ಗಾಳಿಯಲ್ಲಿ ಸ್ವಲ್ಪ ಶಕ್ತಿ ಹೋಗುತ್ತದೆ. ಆಲಮಟ್ಟಿಯ ತೋಟದ ಸಂಗೀತ ಕಾರಂಜಿಯನ್ನು ಬಾಗೇವಾಡಿ, ಮುದ್ದೇಬಿಹಾಳ ಕಡೆಯವರು ನೋಡಿರಬಹುದು. ಅದಕ್ಕೆ ಮೋಟಾರು ಬೇಕು. ಇಲ್ಲಿ ಗೋಪುರವೇ ಮೋಟಾರು. ಆದರೂ ಗೋಪುರದ ತನಕ ನೀರು ತಾನಾಗಿ ಏರುವುದಿಲ್ಲವಲ್ಲ, ಅದಕ್ಕೆ ದುಡಿದವರು ಬೇರೆ. ಸುಲ್ತಾನರಿಗಿಂತ ಅವರದೇ ವಿಚಾರ ನನಗೆ ಹೆಚ್ಚು ಬಂತು.

ಇನ್ನು ಚಿತ್ರಗಳು. ಕಮಾನಿನ ಒಳಗೆ ಗಚ್ಚಿನ ಮೇಲೆ ಬಣ್ಣದಿಂದ ಬರೆದಿದ್ದಾರೆ. ಕುದುರೆ ಏರಿ ಕೋಲಿನಿಂದ ಚೆಂಡು ಹೊಡೆಯುವ ಆಟ ಇದೆ. ಅದರ ಹೆಸರು ಚೌಗಾನ್, ಈಗ ಪೋಲೊ ಅನ್ನುತ್ತಾರೆ. ಕುಸ್ತಿ ಹಿಡಿದವರು ಇದ್ದಾರೆ, ಇದನ್ನು ಮಾತ್ರ ಹುಡುಗರು ಕೂಡಲೇ ಗುರುತಿಸಿದರು. ಒಂದು ಕಡೆ ಯುರೋಪಿನ ಉಡುಪಿನವರು. ಹೆನ್ರಿ ಕಸಿನ್ಸ್ ಎಂಬವರು 1916ರಲ್ಲಿ ಅಚ್ಚಾದ ತಮ್ಮ ವಿಜಯಪುರದ ಪುಸ್ತಕದಲ್ಲಿ ಈ ಚಿತ್ರಗಳ ವಿಷಯ ಬರೆದಿದ್ದಾರೆ. ಯುರೋಪಿನವರು ಆಸ್ಥಾನಕ್ಕೆ ಬಂದ ರಾಯಭಾರಿಗಳು ಇರಬಹುದು ಎಂಬುದು ಅವರ ಊಹೆ.

ಅವರು ಇಷ್ಟು ದೂರ ಏಕೆ ಬಂದರು? ಗೋವೆ ಮೊದಲು ಆದಿಲಶಾಹಿಯವರ ಕೈಯಲ್ಲಿತ್ತು. 1510ರಲ್ಲಿ ಪೋರ್ಚುಗೀಸರು ಅದನ್ನು ಕಸಿದುಕೊಂಡರು. ಆ ಮೇಲೆ ಯುದ್ಧವೂ ಆಯಿತು, ವ್ಯಾಪಾರವೂ ನಡೆಯಿತು. ಅರಬಸ್ತಾನದ ಕುದುರೆಗಳು ಆ ಬಂದರಿನಿಂದ ಬರುತ್ತಿದ್ದವು. ಇಮ್ಮಡಿ ಇಬ್ರಾಹಿಂ ಆದಿಲಶಾಹನ (1580–1627) ಆಸ್ಥಾನದಲ್ಲಿ ಕಾರ್ನೆಲಿಸ್ ಹೇಡಾ ಎಂಬ ಹಾಲೆಂಡಿನ ಚಿತ್ರಕಾರನೇ ಇದ್ದನು. ಕುಮಟಗಿಯ ಚಿತ್ರ ಅವನೇ ಬರೆದನೆಂದು ನಾನು ಹೇಳುತ್ತಿಲ್ಲ. ಟೊಪ್ಪಿಗೆಯ ಮಂದಿ ಈ ಸೀಮೆಗೆ ಹೊಸಬರಾಗಿರಲಿಲ್ಲ ಎಂದಷ್ಟೇ.

ಈಗ ಒಂದು ಮಾತು ಹೇಳಲೇಬೇಕು. ಬಣ್ಣ ಬಹಳ ಮಾಸಿದೆ. ಮಳೆ ಗಾಳಿಗೆ ಆದದ್ದು ಸ್ವಲ್ಪ, ಮನುಷ್ಯರು ಮಾಡಿದ್ದೂ ಉಂಟು. ಮೊಳೆಯಿಂದ ಗೀಚಿ ಹೆಸರು ಬರೆದಿದ್ದಾರೆ. ಒಂದು ಕುದುರೆಯ ಹೊಟ್ಟೆಯ ಮೇಲೆ ಯಾರದೋ ಹೆಸರು, ಅದರ ಕೆಳಗೆ ನಮ್ಮ ಊರಿನ ಹೆಸರು! ಎಲ್ಲರೂ ಸುಮ್ಮನೆ ನಿಂತೆವು. "ಅಳಿಸೂಣೇನ್ರಿ ಸರ್?" ಎಂದು ಒಬ್ಬ ಕೇಳಿದನು. ಸರ್ ಅಂದರು, "ಮುಟ್ಟಬ್ಯಾಡ್ರಿ. ಅಳಿಸಾಕ ಹೋದ್ರ ಕುದುರಿನೂ ಹೋಗತೈತಿ." ಸಿಮೆಂಟ್ ಗೋಡೆ ಗೀಚಿದರೆ ಸುಣ್ಣ ಬಳಿಯಬಹುದು. ಇಲ್ಲಿ ಬಣ್ಣ ತೆಳುವಾದ ಗಚ್ಚಿನ ಮೇಲೆಯೇ ಇದೆ, ಗಚ್ಚು ಉದುರಿದರೆ ಚಿತ್ರವೂ ಅದರ ಸಂಗಡ ಉದುರುತ್ತದೆ.

ಈ ಬರಹದ ಕೆಳಗೆ ಅಂಟಿಸಿದ ಚೌಗಾನ್ ಆಟದ ಚಿತ್ರ ನಾನು ಅಲ್ಲಿಯೇ ಕೂತು ಪೆನ್ಸಿಲಿನಿಂದ ಬರೆದದ್ದು. ಹಿಂದಿನ ಕುದುರೆಗೆ ಎರಡು ಕಾಲು ಇಲ್ಲ. ಬರೆಯಲು ಬಾರದೆ ಬಿಟ್ಟಿದ್ದಲ್ಲ, ಅಲ್ಲಿ ಗಚ್ಚು ಉದುರಿದೆ.