ಅಸಂಪ್ಷನ್ ಪ್ರಶ್ನೆಯಲ್ಲಿ ಅಂಕ ಬಿಡಬೇಡಿ: 7 ಸೂತ್ರಗಳು

ಕ್ಲ್ಯಾಟ್, ಯುಪಿಎಸ್‌ಸಿಯ ಸಿಸ್ಯಾಟ್, ಬ್ಯಾಂಕ್ ಪರೀಕ್ಷೆ: ಯಾವುದಕ್ಕೆ ಕೂತರೂ ಅಸಂಪ್ಷನ್ ಪ್ರಶ್ನೆ ಎದುರಾಗಬಹುದು. ವಾದ ಮಾಡುವವರು ಬಾಯಿಬಿಟ್ಟು ಹೇಳದೆ, ನಿಜವೆಂದು ನಂಬಿಕೊಂಡೇ ಮುಂದೆ ಸಾಗಿದ ಮಾತು ಯಾವುದು? ಅದನ್ನು ಹುಡುಕುವುದೇ ನಿಮ್ಮ ಕೆಲಸ. ‘ನನಗೆ ಲಾಜಿಕ್ ಬರಲ್ಲ’ ಅನ್ನುವುದು ಬರೀ ಅಭ್ಯಾಸ. ಇವತ್ತೇ ಬಿಡಿ. ಇದಕ್ಕೊಂದು ಪಕ್ಕಾ ವಿಧಾನವಿದೆ. ಈ ಉದಾಹರಣೆ ಹಿಡಿದು ಕಲಿಯಿರಿ:

“ಮುಖ್ಯ ರಸ್ತೆಯ ಉದ್ದಕ್ಕೂ ಮೆಟ್ರೋ ಶುರುವಾಗಿದೆ. ಆದ್ದರಿಂದ ಆ ರಸ್ತೆಯಲ್ಲಿ ಟ್ರಾಫಿಕ್ ಕಡಿಮೆಯಾಗಲಿದೆ.”

1. ಮೊದಲು ಕನ್‌ಕ್ಲೂಷನ್ ಹಿಡಿಯಿರಿ
‘ಆದ್ದರಿಂದ’, ‘ಹಾಗಾಗಿ’, ಇಂಗ್ಲಿಷ್ ಪೇಪರ್‌ನಲ್ಲಾದರೆ ‘ದೇರ್‌ಫೋರ್’, ‘ಹೆನ್ಸ್’ ಕಂಡ ಕಡೆ ಗೆರೆ ಹಾಕಿ. ಕನ್‌ಕ್ಲೂಷನ್ ಸದಾ ಕೊನೆಯ ವಾಕ್ಯದಲ್ಲೇ ಇರುವುದಿಲ್ಲ. ಏನನ್ನು ಸಾಧಿಸಲು ಹೊರಟಿದ್ದಾರೆಂದು ಗೊತ್ತಾಗದೆ ಆಪ್ಷನ್ ಓದಿದರೆ ನಾಲ್ಕೂ ಸರಿ ಅನ್ನಿಸುತ್ತವೆ.

2. ನಡುವಿನ ಗ್ಯಾಪ್ ಗುರುತಿಸಿ
ಕಾರಣದಲ್ಲಿರುವುದು ಮೆಟ್ರೋ, ಕನ್‌ಕ್ಲೂಷನ್‌ನಲ್ಲಿರುವುದು ಟ್ರಾಫಿಕ್. ಇವೆರಡನ್ನು ಜೋಡಿಸುವ ಮಾತು ಎಲ್ಲೂ ಇಲ್ಲ. ‘ಆ ರಸ್ತೆಯಲ್ಲಿ ಓಡಾಡುವವರಲ್ಲಿ ಕೆಲವರಾದರೂ ಮೆಟ್ರೋ ಹತ್ತುತ್ತಾರೆ’: ಹೇಳದೇ ಉಳಿದದ್ದು ಇದು. ಆಪ್ಷನ್ ನೋಡುವ ಮುಂಚೆಯೇ ಇದನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ.

3. ಆಪ್ಷನ್ ಉಲ್ಟಾ ಮಾಡಿ
ಕಂಬ ಕಿತ್ತರೆ ಚಪ್ಪರ ಕುಸಿಯಬೇಕು. ‘ಯಾರೂ ಮೆಟ್ರೋ ಹತ್ತುವುದಿಲ್ಲ’ ಎಂದುಕೊಳ್ಳಿ. ವಾದ ನಿಂತಲ್ಲೇ ಬಿತ್ತು. ಅದೇ ಸರಿಯುತ್ತರ. ‘ಮೆಟ್ರೋ ಪರಿಸರಸ್ನೇಹಿ’ ಎಂಬುದನ್ನು ಉಲ್ಟಾ ಮಾಡಿ. ವಾದಕ್ಕೆ ಏನೂ ಆಗುವುದಿಲ್ಲ. ಹೊಡೆದುಹಾಕಿ.

4. ಸರಿಯಾಗಿ ಉಲ್ಟಾ ಮಾಡಿ
‘ಎಲ್ಲರೂ ಹತ್ತುತ್ತಾರೆ’ ಎಂಬುದರ ಉಲ್ಟಾ ‘ಯಾರೂ ಹತ್ತುವುದಿಲ್ಲ’ ಅಲ್ಲ. ‘ಎಲ್ಲರೂ ಹತ್ತುವುದಿಲ್ಲ, ಕೆಲವರು ಉಳಿಯುತ್ತಾರೆ’. ಕೆಲವರು ಉಳಿದರೂ ಟ್ರಾಫಿಕ್ ಇಳಿಯಬಹುದು. ಹಾಗಾಗಿ ‘ಎಲ್ಲರೂ’ ಎಂಬ ಆಪ್ಷನ್ ಇಲ್ಲಿ ತಪ್ಪು. ‘ಎಲ್ಲ’, ‘ಮಾತ್ರ’, ‘ಎಂದಿಗೂ’ ಇರುವ ಆಪ್ಷನ್ ಕಂಡರೆ ಎರಡು ಸಲ ಪರೀಕ್ಷಿಸಿ. ವಾದಕ್ಕೆ ಬೇಕಾಗಿರುವುದಕ್ಕಿಂತ ಹೆಚ್ಚು ಹೇಳುವ ಮಾತು ವಾದಕ್ಕೆ ಅನಿವಾರ್ಯವಲ್ಲ.

5. ‘ಇಲ್ಲ’ ಎನ್ನುವ ಆಪ್ಷನ್ ಕಡೆಗಣಿಸಬೇಡಿ
‘ಖಾಲಿಯಾದ ಜಾಗವನ್ನು ಹೊಸ ವಾಹನಗಳು ಪೂರ್ತಿ ತುಂಬುವುದಿಲ್ಲ.’ ಇದೂ ಅನಿವಾರ್ಯ ಅಸಂಪ್ಷನ್ನೇ. ತುಂಬಿಬಿಟ್ಟರೆ ಟ್ರಾಫಿಕ್ ಇಳಿಯುವುದೆಲ್ಲಿಂದ? ಇಂಥ ಆಪ್ಷನ್ ಸಂಬಂಧವಿಲ್ಲದಂತೆ ಕಾಣುತ್ತದೆ. ಆದರೆ ವಾದಕ್ಕೆ ಬರುವ ಅಡ್ಡಿಯನ್ನು ತಡೆದು ನಿಂತಿರುವುದು ಅದೇ.

6. ನಿಮ್ಮ ಅಭಿಪ್ರಾಯ ಹೊರಗಿಡಿ
‘ಬೆಂಗಳೂರಿನಲ್ಲಿ ಮೆಟ್ರೋ ಬಂದರೂ ಜಾಮ್ ತಪ್ಪಲಿಲ್ಲ’ ಎಂದು ವಾದಕ್ಕಿಳಿಯಬೇಡಿ. ಹೇಳಿಕೆ ನಿಜವೋ ಸುಳ್ಳೋ ಎಂದು ಯಾರೂ ಕೇಳಿಲ್ಲ. ಇನ್‌ಫರೆನ್ಸ್ ಜೊತೆಗೂ ಬೆರೆಸಬೇಡಿ. ಇನ್‌ಫರೆನ್ಸ್ ಹೇಳಿಕೆಯಿಂದ ಹೊರಡುತ್ತದೆ. ಅಸಂಪ್ಷನ್ ಹೇಳಿಕೆಗೂ ಮೊದಲೇ ಇರುತ್ತದೆ. ಸಿಸ್ಯಾಟ್ ಎರಡನ್ನೂ ಕೇಳುತ್ತದೆ. ಪ್ರಶ್ನೆಯ ಸಾಲನ್ನು ಪೂರ್ತಿ ಓದಿ.

7. ಟೈಮ್ ಲೆಕ್ಕ ಹಾಕಿ, ತಪ್ಪು ಬರೆದಿಡಿ
ಕ್ಲ್ಯಾಟ್‌ನ ಯುಜಿ ಪೇಪರ್‌ನಲ್ಲಿ 120 ನಿಮಿಷಕ್ಕೆ 120 ಪ್ರಶ್ನೆ, ತಪ್ಪಿಗೆ 0.25 ಅಂಕ ಕಟ್. ಸಿಸ್ಯಾಟ್‌ನಲ್ಲಿ ಪ್ರಶ್ನೆಗೆ 2.5 ಅಂಕ, ತಪ್ಪಿಗೆ ಅದರ ಮೂರನೇ ಒಂದು ಭಾಗ ಕಟ್, ಪಾಸಾಗಲು 200ಕ್ಕೆ 66 ಬೇಕು. ನಾಲ್ಕೂ ಆಪ್ಷನ್ ಉಲ್ಟಾ ಮಾಡುತ್ತಾ ಕೂರಬೇಡಿ. ಸಂಬಂಧವಿಲ್ಲದ ಎರಡನ್ನು ತೆಗೆದು, ಉಳಿದೆರಡಕ್ಕೆ ಮಾತ್ರ ಸೂತ್ರ 3 ಬಳಸಿ. ಮನೆಯಲ್ಲಿ ಹಳೇ ಪ್ರಶ್ನೆಪತ್ರಿಕೆ ಬಿಡಿಸುವಾಗ ಪ್ರತಿ ತಪ್ಪು ಆಪ್ಷನ್ ಎದುರು ‘ಸಂಬಂಧವಿಲ್ಲ’, ‘ಅತಿಯಾಯಿತು’, ‘ಇನ್‌ಫರೆನ್ಸ್’ ಎಂದು ಕಾರಣ ಬರೆಯಿರಿ. ನೀವು ಪದೇ ಪದೇ ಎಡವುವ ಜಾಗ ಆ ನೋಟ್‌ಬುಕ್ಕಿನಲ್ಲೇ ಸಿಗುತ್ತದೆ.

ಇವತ್ತು ಹತ್ತು ಪ್ರಶ್ನೆ ಬಿಡಿಸಿ. ಪ್ರತಿ ಸಲ ಒಂದೇ ಮಾತು ಕೇಳಿಕೊಳ್ಳಿ: ‘ಇದಿಲ್ಲದಿದ್ದರೆ ವಾದ ನಿಲ್ಲುತ್ತದಾ?’ ನಿಲ್ಲುವುದಿಲ್ಲ ಎಂದರೆ ಟಿಕ್ ಮಾಡಿ, ಮುಂದಿನ ಪ್ರಶ್ನೆಗೆ ಹೋಗಿ.