ಹೊಳೆ ಹಿಡಿದು ಹೋಗು, ತಮ್ಮಾ

ತಮ್ಮಾ, ನೀನು ಗೇರ್ ಸೈಕಲ್ ತಗೊಂಡ ಸುದ್ದಿ ನಿನ್ನ ಅಮ್ಮನಿಂದ ತಿಳಿಯಿತು. ಇಟಲಿಯ ಟಸ್ಕನಿ ಗುಡ್ಡಗಳ ನಡುವೆ, ಕಲ್ಲುಗೋಡೆಯ ಹಳೇ ಊರುಗಳನ್ನು ಹಾದು ಸೈಕಲ್ ತುಳಿಯಬೇಕೆಂಬುದು ನಿನ್ನ ಆಸೆಯಂತೆ. ಒಳ್ಳೆಯ ಆಸೆ, ಖಂಡಿತ ಹೋಗು. ಆದರೆ ಅಂಥ ಸವಾರಿಗೆ ಬೇಕಾದ ಕಾಲು, ಕಣ್ಣು, ತಾಳ್ಮೆ ಮೂರನ್ನೂ ಕಾರವಾರ–ಅಂಕೋಲೆಯ ಒಳದಾರಿಗಳು ಕಲಿಸುತ್ತವೆ. ಈ ಚಳಿಗಾಲ ಅವುಗಳಲ್ಲಿ ಕಳೆ. ಅದಕ್ಕಾಗಿ ನಾಲ್ಕು ಮಾತು ಹೇಳುತ್ತೇನೆ, ಕಿವಿಗೊಟ್ಟು ಕೇಳು.

ಮೊದಲನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮಲ್ಲಿ ಹೆದ್ದಾರಿ ಹೊಳೆಗಳನ್ನು ಅಡ್ಡ ದಾಟಿಕೊಂಡು ಉತ್ತರ–ದಕ್ಷಿಣವಾಗಿ ಓಡುತ್ತದೆ. ಹಳೇ ಊರುಗಳು ಮಾತ್ರ ಹೊಳೆಯ ಉದ್ದಕ್ಕೂ ಪೂರ್ವ–ಪಶ್ಚಿಮವಾಗಿ ಕೂತಿವೆ. ಹೆದ್ದಾರಿ ಹಿಡಿದವನಿಗೆ ಸಿಗುವುದು ಸೇತುವೆ, ಪೆಟ್ರೋಲ್ ಬಂಕು, ಲಾರಿಯ ಹಾರ್ನು. ಹೊಳೆ ಹಿಡಿದವನಿಗೆ ಗದ್ದೆ, ತೆಂಗಿನ ತೋಟ, ಗುಡಿ, ಶಾಲೆ, ಮನೆ ಸಿಗುತ್ತವೆ. ಹೊಳೆ ಪಕ್ಕದ ದಾರಿಯಲ್ಲಿ ಏರು ಕಡಿಮೆ, ನೆರಳು ಹೆಚ್ಚು. ಹಿಂದಿರುಗುವಾಗ ಹೊಳೆ ಹರಿಯುವ ಕಡೆಗೆ ತಿರುಗಿದರೆ ಸಮುದ್ರದ ಕಡೆಗೇ ಬರುತ್ತೀಯ. ದಾರಿ ತಪ್ಪುವ ಭಯವಿಲ್ಲ.

ಇದು ನಾನು ಕಂಡುಹಿಡಿದ ಉಪಾಯವಲ್ಲ. ಘಟ್ಟದ ಮೇಲಿನ ಮೆಣಸು, ಅಡಿಕೆ ಕೆಳಗಿಳಿದು ಸಮುದ್ರ ಕಂಡದ್ದು ಹೊಳೆಗಳ ಮೂಲಕವೇ. ನೀನು ಹೋಗಬೇಕೆಂದಿರುವ ಇಟಲಿಯಿಂದಲೇ ಬಂದ ಪಿಯೆತ್ರೊ ದೆಲ್ಲಾ ವಾಲೆ ಎಂಬ ಪ್ರವಾಸಿ 1623ರಲ್ಲಿ ಹೊನ್ನಾವರದಿಂದ ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆಗೆ ಹೋಗಿ, ಅಲ್ಲಿಂದ ಘಟ್ಟ ಏರಿ, ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನ ನೋಡಿದ. ಕಂಡದ್ದನ್ನೆಲ್ಲ ಪತ್ರಗಳಲ್ಲಿ ಬರೆದಿಟ್ಟ. 1880ರ ದಶಕದ ಆರಂಭದಲ್ಲಿ, ಇಪ್ಪತ್ತು ದಾಟಿದ್ದ ರವೀಂದ್ರನಾಥ ಟಾಗೋರರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದರು. ಅವರ ಹೆಸರಿನ ಕಡಲತೀರ ಎಲ್ಲರಿಗೂ ಗೊತ್ತು. ಬೆಳದಿಂಗಳ ರಾತ್ರಿ ಅವರು ಕಾಳಿ ಹೊಳೆಯಲ್ಲಿ ದೋಣಿಯೇರಿ ಹೋದದ್ದು, ಕೋಟೆ ಗುಡ್ಡದ ಬಳಿ ಇಳಿದು ಒಬ್ಬ ರೈತನ ಗುಡಿಸಿಟ್ಟ ಅಂಗಳದಲ್ಲಿ ಕೂತು ಊಟ ಮಾಡಿದ್ದು, ಬರುವಾಗ ದೋಣಿಯನ್ನು ಹರಿವಿಗೇ ಬಿಟ್ಟದ್ದು ಕೆಲವರಿಗಷ್ಟೇ ಗೊತ್ತು. ತಮ್ಮ ಬಾಲ್ಯ–ಯೌವನದ ನೆನಪುಗಳ ಪುಸ್ತಕದಲ್ಲಿ ಅವರೇ ಇದನ್ನು ಬರೆದಿದ್ದಾರೆ. ದೂರದಿಂದ ಬಂದ ಈ ಇಬ್ಬರೂ ನಮ್ಮ ನಾಡನ್ನು ಹೊಳೆಯ ಕಡೆಯಿಂದ ಕಂಡವರು. ನೀನೂ ಹಾಗೆ ಕಾಣು.

ಕಾರವಾರದಿಂದ ಹೊರಡುವುದಾದರೆ ಕಾಳಿಯ ದಕ್ಷಿಣ ದಂಡೆ ಹಿಡಿ. ಸುಂಕೇರಿ ದಾಟಿ ಕಡವಾಡ, ಕಿನ್ನರ, ಸಿದ್ದರ, ಕೆರವಡಿ, ಮಲ್ಲಾಪುರ ಹಾದು ಕದ್ರಾ ಮುಟ್ಟುವ ದಾರಿ ಅದು. ಒಂದು ಕಡೆಗೆ 30 ಕಿಲೋಮೀಟರಿಗಿಂತ ತುಸು ಹೆಚ್ಚು. ಬೆಳಿಗ್ಗೆ ಹೊರಟವನು ನಿಂತು, ಕೂತು, ಮಾತಾಡಿಕೊಂಡು ಹೋಗಿ ಬರಬಹುದು. ಕೈಗಾ ಅಣುವಿದ್ಯುತ್ ಸ್ಥಾವರಕ್ಕೂ ಇದೇ ರಸ್ತೆ. ನೌಕರರ ಬಸ್ಸುಗಳು ಓಡುವ ವೇಳೆಯನ್ನು ಮೊದಲೇ ಕೇಳಿಕೊಂಡು ಆ ಹೊತ್ತಿಗೆ ಯಾವುದಾದರೂ ಊರಿನಲ್ಲಿ ನಿಂತುಬಿಡು. ಉತ್ತರ ದಂಡೆಯ ಸದಾಶಿವಗಡದ ಗುಡ್ಡವನ್ನು ಒಂದು ಬೇರೆ ದಿನಕ್ಕೆ ಇಟ್ಟುಕೋ. ಸೋದೆ ಅರಸರ ಕಾಲದ ಕೋಟೆ, ಮೇಲೆ ದುರ್ಗಾದೇವಿಯ ಗುಡಿ, ತಪ್ಪಲಲ್ಲಿ ದರ್ಗಾ. ಮೇಲಿನಿಂದ ಕಾಳಿ ಸಮುದ್ರ ಸೇರುವುದು ಪೂರ್ತಿ ಕಾಣುತ್ತದೆ.

ಕದ್ರಾದಿಂದ ಮುಂದೆ ಅಣಶಿ ಘಟ್ಟ ಕೈಬೀಸಿ ಕರೆಯುತ್ತದೆ. ಮೊದಲ ವರ್ಷ ಹತ್ತಬೇಡ. ಆ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಕಾಡುಕೋಣಗಳು ರಸ್ತೆಗೇ ಬರುತ್ತವೆ. ಏರುವಾಗಿನ ಉಸಿರಿಗಿಂತ ಇಳಿಯುವಾಗಿನ ಬ್ರೇಕು ದೊಡ್ಡ ಪರೀಕ್ಷೆ. ಮುಂದೆ ಎಂದಾದರೂ ಹೋದರೆ ಜೊತೆಗೊಬ್ಬರಿರಲಿ, ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ವಿಚಾರಿಸು, ಸೂರ್ಯ ಮುಳುಗುವ ಮೊದಲೇ ಕಾಡಿನಿಂದ ಹೊರಗೆ ಬಾ.

ಅಂಕೋಲೆಯಲ್ಲಿ ಆಯ್ಕೆ ಇನ್ನೂ ಹೆಚ್ಚು. ಕಾಲು ಪಳಗಿಸಲು ಬೆಳಂಬಾರದ ಮೇಲೆ ಮಂಜಗುಣಿಗೆ ಹೋಗು. ಗಂಗಾವಳಿ ಸಮುದ್ರ ಸೇರುವ ಊರು ಅದು. ಆಚೆ ದಂಡೆಯಿಂದ ಗೋಕರ್ಣ ದೂರವಿಲ್ಲ. ಇನ್ನೊಂದು ದಿನ ಭಾವಿಕೇರಿ, ಬೇಲೆಕೇರಿ ಕಡೆಯ ಕೇರಿದಾರಿಗಳಲ್ಲಿ ಸುತ್ತು. ಉಪ್ಪುನೀರು ಏರಿಳಿಯುವ ಗಜನಿ ಗದ್ದೆಗಳನ್ನೂ ಅವುಗಳ ಕಟ್ಟೆಗಳನ್ನೂ ನಿಂತು ನೋಡು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆ ಮುರಿದ ಊರು ಅಂಕೋಲೆ. ಅದಾದ ಮೇಲೆ ಇಲ್ಲಿಯ ರೈತರು ಕರ ಕೊಡದೆ ನಿಂತು ಭೂಮಿಯನ್ನೇ ಕಳೆದುಕೊಂಡರು. ನೀನು ಪಕ್ಕದಲ್ಲಿ ಹಾದುಹೋಗುವ ಗದ್ದೆಗಳಿಗೆ ಅಂಥ ಬೆಲೆ ಕೊಟ್ಟವರಿದ್ದರು ಎಂಬುದು ನೆನಪಿರಲಿ.

ಒಳನಾಡಿಗೆ ಹೋಗುವ ಧೈರ್ಯ ಬಂದ ಮೇಲೆ ಹಿಲ್ಲೂರು, ಅಚವೆ ಕಡೆ ತಿರುಗು. ಮಾಬಗಿಯ ವಿಭೂತಿ ಜಲಪಾತ, ಅದರಾಚೆ ಯಾಣ. ಯಾಣದ ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್ ಎತ್ತರದ ಕಪ್ಪು ಸುಣ್ಣಗಲ್ಲು. ಈ ದಾರಿಯಲ್ಲಿ ಏರಿಳಿತ ಬಹಳ, ಅಂಗಡಿ ಕಡಿಮೆ. ಒಂದೇ ದಿನದಲ್ಲಿ ಹೋಗಿಬರುವ ಹಟ ಬೇಡ, ಒಂದು ರಾತ್ರಿ ಉಳಿಯುವ ವ್ಯವಸ್ಥೆ ಮಾಡಿಕೊಂಡು ಹೋಗು.

ಅಂಕೋಲೆ ತಾಲ್ಲೂಕಿನಲ್ಲೇ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಿವೆ. ಸಾವಿರಾರು ಹಾಡುಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ ಸುಕ್ರಿ ಬೊಮ್ಮಗೌಡರು ಬಡಗೇರಿಯವರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬೀಜದಿಂದ ಸಸಿ ಎಬ್ಬಿಸುತ್ತ ಜೀವಮಾನ ಕಳೆದ ತುಳಸಿ ಗೌಡರು ಹೊನ್ನಳ್ಳಿಯವರು. ಇಬ್ಬರೂ ಪದ್ಮಶ್ರೀ ಪಡೆದವರು. ತುಳಸಜ್ಜಿ 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಇಲ್ಲಿಯ ಕಾಡಿನ ನೆರಳಲ್ಲಿ ಬೆವರು ಒರೆಸಿಕೊಳ್ಳುವಾಗ ಅದನ್ನು ಬೆಳೆಸಿದ ಕೈಗಳಿದ್ದವು ಎಂಬ ಅರಿವಿರಲಿ. ಹೋಳಿಯ ಹೊತ್ತಿಗೆ ಬಂದರೆ ಹಾಲಕ್ಕಿಗಳ ಸುಗ್ಗಿ ಕುಣಿತ, ವೈಶಾಖದಲ್ಲಿ ಬಂದರೆ ಬಂಡಿಹಬ್ಬ. ಆಗ ಸೈಕಲ್ಲನ್ನು ಒಂದು ಮರಕ್ಕೆ ಒರಗಿಸಿ ಜನರ ನಡುವೆ ನಿಲ್ಲು.

ಎರಡನೆಯ ಮಾತು ಅಪಾಯದ್ದು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಚಹಾದಂಗಡಿ, ವಾಹನ, ಜನ ಎಲ್ಲ ಮಣ್ಣು ಮತ್ತು ಗಂಗಾವಳಿಯ ಪಾಲಾದರು. ಅದೇ ವರ್ಷದ ಆಗಸ್ಟ್ 7ರಂದು ನಡುರಾತ್ರಿ ಕಳೆದ ಹೊತ್ತಿನಲ್ಲಿ ಕಾಳಿಯ ಹಳೇ ಸೇತುವೆ ಕುಸಿಯಿತು. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ದಂಡೆಯ ಊರುಗಳು ಮುಳುಗಿದ್ದವು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆದಂಡೆಯೂ ಬೇಡ, ಘಟ್ಟವೂ ಬೇಡ. ಕಡಿದಾಗಿ ಕೊರೆದ ಗುಡ್ಡದ ಬುಡದಲ್ಲಿ ಮಳೆಗೆಂದು ಆಸರೆಗೆ ನಿಲ್ಲಲೇಬೇಡ. ನೆನೆದರೂ ಸರಿ, ಬಯಲಿಗೆ ಬಾ. ಹೆದ್ದಾರಿ 66ನ್ನು ದಾಟುವುದಕ್ಕೆ ಮಾತ್ರ ಬಳಸು. ತೀರಾ ಅನಿವಾರ್ಯವಾದಷ್ಟು ದೂರ ಅದರ ಮೇಲೆ ಹೋಗಬೇಕಾದರೆ ಬೆಳಗಿನ ಹೊತ್ತು ನೋಡಿ ಹೋಗು. ಅಂಕೋಲಾ–ಹುಬ್ಬಳ್ಳಿ ರಸ್ತೆಯ ಅರಬೈಲ್ ಘಟ್ಟ ಲಾರಿಗಳದ್ದು, ಅದರ ಆಸೆ ಬಿಡು. ಅರ್ಗಾದಲ್ಲಿ ನೌಕಾನೆಲೆಯ ಕಡೆಗೆ ಫೋನ್ ಎತ್ತಿ ಫೋಟೋ ತೆಗೆಯಬೇಡ.

ನವೆಂಬರ್‌ನಿಂದ ಫೆಬ್ರವರಿ ನಿನ್ನ ಕಾಲ. ಬೆಳಕು ಹರಿಯುತ್ತಲೇ ಹೊರಡು, ಹನ್ನೊಂದರ ಬಿಸಿಲಿಗೆ ಮೊದಲು ನೆರಳು ಸೇರು. ನಮ್ಮ ಉಪ್ಪುಗಾಳಿ ಚೈನನ್ನು ಬೇಗ ತಿನ್ನುತ್ತದೆ, ಪ್ರತಿ ಸವಾರಿಯಾದ ಮೇಲೆ ಒರೆಸಿ ಎಣ್ಣೆ ಹಾಕು. ಒಂದು ಟ್ಯೂಬು, ಪಂಪು, ಪಂಕ್ಚರ್ ಸಾಮಾನು ಚೀಲದಲ್ಲಿರಲಿ. ಪಂಕ್ಚರ್ ಹಾಕುವುದನ್ನು ಮನೆಯಂಗಳದಲ್ಲೇ ಕಲಿ. ಮೊಬೈಲ್ ಸಿಗ್ನಲ್ ಕಾಡಿನಲ್ಲಿ ಕೈಕೊಡುತ್ತದೆ, ಹೋಗುವ ದಾರಿಯನ್ನೂ ಬರುವ ವೇಳೆಯನ್ನೂ ಮನೆಯಲ್ಲಿ ಬರೆದಿಟ್ಟು ಹೋಗು. ನಾಯಿ ಬೆನ್ನಟ್ಟಿದರೆ ಜೋರಾಗಿ ತುಳಿಯಬೇಡ, ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆ.

ಮೂರನೆಯದು ನಡವಳಿಕೆ. ಊರು ಬಂದಾಗ ವೇಗ ಇಳಿಸು. ರಸ್ತೆಯಲ್ಲಿ ಮಕ್ಕಳು, ದನ, ಒಣಗಲು ಹಾಕಿದ ಭತ್ತ ಇರುತ್ತವೆ. ನೀರು ಬೇಕಾದರೆ ಅಂಗಳದ ಹೊರಗೆ ನಿಂತು "ಅಮ್ಮಾ" ಎಂದು ಕೂಗು. ಕಾಳಿ ದಂಡೆಯಲ್ಲಿ ಕೊಂಕಣಿಯಲ್ಲಿ ನಾಲ್ಕು ಮಾತಾಡು. ಮುರುಗಲ ಪಾನಕ ಕೊಟ್ಟರೆ ಕುಡಿ, ಅವಸರ ಮಾಡಬೇಡ. ಬೇಸಿಗೆಯ ಕೊನೆಯಲ್ಲಿ ಹೋದರೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರಿಂದ ಕರಿ ಈಶಾಡ ಮಾವು ಕೊಳ್ಳು. 2023ರಲ್ಲಿ ಭೌಗೋಳಿಕ ಗುರುತು ಪಡೆದ ಹಣ್ಣು, ಚೌಕಾಸಿ ಬೇಡ. ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡ. ನಿನ್ನ ಪ್ಲಾಸ್ಟಿಕ್ ನಿನ್ನ ಚೀಲದಲ್ಲೇ ವಾಪಸು ಬರಲಿ.

ಕೊನೆಯದಾಗಿ, ನೀನು ಮೆಚ್ಚಿದ ಟಸ್ಕನಿಯದೇ ಒಂದು ಸಂಗತಿ. ಅಲ್ಲಿಯ ಬಿಳಿ ಜಲ್ಲಿಯ ಹಳ್ಳಿರಸ್ತೆಗಳು ಡಾಂಬರಿನಡಿ ಮುಚ್ಚಿಹೋಗುವ ಹಾಗಿದ್ದಾಗ ಸೈಕಲ್ ಪ್ರಿಯರು 1997ರಲ್ಲಿ ಕ್ಯಾಂತಿಯ ಗಾಯೋಲೆ ಎಂಬ ಊರಿನಿಂದ 'ಲೆರೋಯಿಕಾ' ಎಂಬ ಸವಾರಿ ಶುರುಮಾಡಿದರು. ಹಳೇ ಸೈಕಲ್ಲುಗಳಲ್ಲಿ ಆ ದಾರಿಗಳನ್ನೇ ತುಳಿದರು. ದಾರಿಗಳಿಗೆ ಬೆಲೆ ಬಂತು, ಉಳಿಸಬೇಕೆಂಬ ಮಾತಿಗೆ ಬಲ ಬಂತು. ನಮ್ಮ ಹೊಳೆದಂಡೆಯ ದಾರಿಗಳಿಗೂ ಅಂಥ ಪ್ರೀತಿಯ ಸವಾರರು ಬೇಕು. ನೀನು ಒಬ್ಬನೇ ಹೋಗಿ ಬಂದು ಸುಮ್ಮನಾಗಬೇಡ. ಮುಂದಿನ ಸಲ ಇಬ್ಬರು ಗೆಳೆಯರನ್ನು ಕರೆದುಕೊಂಡು ಹೋಗು, ಊರಿನ ಅಂಗಡಿಯಲ್ಲೇ ತಿಂಡಿ ತಿನ್ನಿರಿ, ಶಾಲೆಯ ಮಕ್ಕಳೊಡನೆ ಮಾತಾಡಿರಿ. ಗುಡ್ಡ ಕೊರೆಯುವ, ಗಜನಿ ತುಂಬುವ ಯೋಜನೆ ಬಂದಾಗ ಆ ಊರನ್ನು ಕಣ್ಣಾರೆ ಬಲ್ಲವರು ಊರಿನ ಪರವಾಗಿ ಮಾತಾಡಬಲ್ಲರು. ಮಂಜಗುಣಿಯಿಂದ ಆರಂಭಿಸು, ಆಮೇಲೆ ಕದ್ರಾ, ಆಮೇಲೆ ಅಚವೆ. ಇಟಲಿ ಅದರ ನಂತರ ಬರಲಿ; ಅಲ್ಲಿಯ ಜನ ನಿನ್ನ ಊರು ಹೇಗಿದೆ ಎಂದು ಕೇಳಿದರೆ ಹೇಳಲು ನಿನ್ನಲ್ಲಿ ಬೇಕಾದಷ್ಟಿರುತ್ತದೆ.